ಒಂದು ಅಂಕದ ನೆರೆಹೊರೆ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಮುದ್ದೆ ಕೂಡ ಗಂಟಲಲ್ಲಿ ಇಳಿಯಲಿಲ್ಲ. ಉದ್ದ ಆಗುತ್ತದೆ. ಪುರುಸೊತ್ತು ಇದ್ದವರು ಓದಿ, ಇಲ್ಲದವರು ಎಂದಿನ ಹಾಗೆ ಲೈಕ್ ಒತ್ತಿ ಮುಂದೆ ಹೋಗಿ. ಬೇಜಾರಿಲ್ಲ.

ಇವತ್ತು ಕೋಲಾರದಲ್ಲಿ ಪ್ರೌಢಶಾಲೆ ಮಕ್ಕಳ ಚರ್ಚಾಸ್ಪರ್ಧೆ ಇತ್ತು. ಎಲ್ಲಿ, ಯಾರು ನಡೆಸಿದರು ಅಂತ ಕೇಳಬೇಡಿ. ನಾಳೆ ಮತ್ತೆ ಅವರ ಮುಖ ನೋಡಬೇಕು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳು. ವಿಷಯ: 'ನೆರೆಯ ದೇಶಗಳ ಸಹಕಾರವಿಲ್ಲದೆ ಸುಸ್ಥಿರ ಅಭಿವೃದ್ಧಿ ಸಾಧ್ಯವಿಲ್ಲ'. ಫ್ಲೆಕ್ಸಿನಲ್ಲಿ ಮಾತ್ರ 'ಸುಸ್ತಿರ' ಅಂತ ಅಚ್ಚಾಗಿತ್ತು. ಮೊದಲು ನಗು ಬಂತು. ಮುಖ್ಯ ಅತಿಥಿಗಳು ಐವತ್ತು ನಿಮಿಷ ಮಾತಾಡಿದ ಮೇಲೆ, ಅಚ್ಚು ಹಾಕಿದವನು ತಿಳಿದವನೇ ಇರಬೇಕು ಅನ್ನಿಸಿತು. ಇಡೀ ಹಾಲೇ ಸುಸ್ತಾಗಿತ್ತು. 'ವಸುಧೈವ ಕುಟುಂಬಕಂ' ಏಳು ಸಲ ಬಂತು. ಅಂಕಪಟ್ಟಿಯ ಹಿಂದೆ ಗೀಟು ಹಾಕಿಕೊಂಡು ಎಣಿಸಿದ್ದೇನೆ.

ಆಮೇಲೆ ಮಕ್ಕಳು. ಪರ ಮಾತಾಡಿದವರೆಲ್ಲ ಒಂದೇ ಶ್ರುತಿ. 'ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ ಸಾರ್ಕ್ 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸ್ಥಾಪನೆಯಾಯಿತು, ಇದರ ಕೇಂದ್ರ ಕಚೇರಿ ಕಠ್ಮಂಡುವಿನಲ್ಲಿದೆ.' ಒಬ್ಬರಾದ ಮೇಲೆ ಒಬ್ಬರು ಬಂದು ಅದನ್ನೇ ಒಪ್ಪಿಸಿ ಹೋದರು. ಮಕ್ಕಳನ್ನು ಬೈಯುವ ಹಾಗಿಲ್ಲ. ಕಲಿಸಿದವರು ನಾವೇ. ಇಪ್ಪತ್ತೆರಡು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸಾರ್ಕ್ ಅಂದರೆ ನಮ್ಮ ಪಾಲಿಗೆ ಒಂದು ಅಂಕದ ಪ್ರಶ್ನೆ. ಕೇಂದ್ರ ಕಚೇರಿ ಎಲ್ಲಿದೆ? ಕಠ್ಮಂಡು. ಆಯ್ತು, ಮುಂದಿನ ಪ್ರಶ್ನೆ. 180 ಕೋಟಿಗೂ ಜಾಸ್ತಿ ಜನ ಇರುವ ಎಂಟು ದೇಶಗಳ ಬದುಕನ್ನು ಒಂದು ಅಂಕಕ್ಕೆ ಇಳಿಸಿದ್ದೇವೆ.

ವಿರೋಧ ಮಾತಾಡಿದ ಹುಡುಗರಲ್ಲಿ ಒಬ್ಬ ಇದ್ದ ನೋಡಿ, ಬೆಂಕಿ. 'ಈರುಳ್ಳಿ ನಿಲ್ಲಿಸಿ! ಟೊಮೆಟೊ ನಿಲ್ಲಿಸಿ! ನೀರು ನಿಲ್ಲಿಸಿ! ಒಂದೇ ತಿಂಗಳಲ್ಲಿ ಎಲ್ಲರೂ ದಾರಿಗೆ ಬರುತ್ತಾರೆ!' ಹಾಲಿನ ಶೀಟು ಹಾರಿಹೋಗುವಷ್ಟು ಚಪ್ಪಾಳೆ. ಮುಖ್ಯ ಅತಿಥಿಗಳೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಐದು ನಿಮಿಷದ ಹಿಂದಷ್ಟೇ ವಸುಧೆಯೆಲ್ಲ ಕುಟುಂಬ ಅಂದಿದ್ದವರು.

ಮೊದಲ ಬಹುಮಾನ ಅವನಿಗೇ ಬಂತು.

'ಟೊಮೆಟೊ ನಿಲ್ಲಿಸಿ' ಅಂತ ಕೋಲಾರದಲ್ಲಿ ನಿಂತು ಹೇಳುವುದು, ಅದಕ್ಕೆ ಕೋಲಾರದವರೇ ಚಪ್ಪಾಳೆ ಹೊಡೆಯುವುದು! ಹೊರಗೆ ಬಂದರೆ ರಸ್ತೆ ತುಂಬ ಟೊಮೆಟೊ ಬಾಕ್ಸ್ ಹೊತ್ತ ಗಾಡಿಗಳು. ಅವು ಎಲ್ಲಿಗೆ ಹೋಗುತ್ತವೆ ಅಂತ ಆ ಹಾಲಿನಲ್ಲಿ ಒಬ್ಬರಾದರೂ ಯೋಚಿಸಿದರಾ? ನನ್ನ ಮೈದುನನದು ಟೊಮೆಟೊ ವ್ಯಾಪಾರ. ನಮ್ಮ ಮಂಡಿಯಲ್ಲಿ ಹರಾಜಾದ ಹಣ್ಣು ಲಾರಿ ಹತ್ತಿ, ಸುಮಾರು ಎರಡು ಸಾವಿರ ಕಿಲೋಮೀಟರ್ ಓಡಿ, ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಗೆ ಹೋಗುತ್ತದೆ. ಆಚೆ ಬೆನಾಪೋಲ್, ಬಾಂಗ್ಲಾದೇಶ. ಢಾಕಾದಲ್ಲಿ ಯಾರೋ ಅಮ್ಮ ಮೀನಿನ ಸಾರಿಗೆ ನಮ್ಮ ವಡಗೂರು ಕಡೆಯ ಟೊಮೆಟೊ ಹಿಂಡುತ್ತಿರುತ್ತಾಳೆ. ಸಾರ್ಕ್ ಅಂತ ಒಂದು ಇದೆ ಅಂತಲೂ ಅವಳಿಗೆ ಗೊತ್ತಿರಲಿಕ್ಕಿಲ್ಲ.

ಆದರೆ ಆ ಗಡಿಯ ಕಥೆ ಕೇಳಿ. ವಿಶ್ವಬ್ಯಾಂಕ್ 2021ರಲ್ಲಿ ಒಂದು ವರದಿ ಕೊಟ್ಟಿತ್ತು. ಪೆಟ್ರಾಪೋಲ್-ಬೆನಾಪೋಲ್ ದಾಟಲು ಲಾರಿಗೆ ಹಲವು ದಿನ ಬೇಕು. ಅಷ್ಟೇ ಸರಕು ಓಡಾಡುವ ಪೂರ್ವ ಆಫ್ರಿಕಾದ ಗಡಿಗಳಲ್ಲಿ ಆರು ಗಂಟೆಯೂ ಬೇಡ. ಹಲವು ದಿನ! ಕಬ್ಬಿಣದ ಸರಳಾದರೆ ಕಾಯುತ್ತದೆ. ಟೊಮೆಟೊ ಕಾಯುತ್ತದಾ? ಕೆಳಗಿನ ಬಾಕ್ಸಿನಿಂದ ರಸ ತೊಟ್ಟಿಕ್ಕಲು ಶುರುವಾದರೆ ಡ್ರೈವರ್ ಫೋನ್ ಮಾಡುವುದು ವಿದೇಶಾಂಗ ಮಂತ್ರಿಗಲ್ಲ, ನನ್ನ ಮೈದುನನಿಗೆ. 2024ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರ ಬಿದ್ದು ಗಡಿ ವ್ಯಾಪಾರ ಕೆಲವು ದಿನ ನಿಂತಾಗ ನಮ್ಮ ಮನೆಯ ಪರಿಸ್ಥಿತಿ ಏನಾಗಿತ್ತು ಅಂತ ಇಲ್ಲಿ ಬರೆಯಲ್ಲ. ಅತ್ತೆ ಫೇಸ್‌ಬುಕ್ ನೋಡುತ್ತಾರೆ.

ಅದೇ ಬ್ಯಾಂಕಿನವರ ಇನ್ನೊಂದು ಲೆಕ್ಕ. ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗೆ ನಡೆಸುವುದು ಶೇ 5ರಷ್ಟು. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳಲ್ಲಿ ಅದು ಶೇ 25ರ ಆಸುಪಾಸು. ಭಾರತದ ಒಂದು ಕಂಪನಿ ಪಕ್ಕದ ದೇಶದ ಜೊತೆ ವ್ಯಾಪಾರ ಮಾಡುವುದಕ್ಕಿಂತ ಬ್ರೆಜಿಲ್ ಜೊತೆ ಮಾಡಿದರೆ ಸುಮಾರು ಶೇ 20 ಅಗ್ಗವಂತೆ. ಬ್ರೆಜಿಲ್! ಪಕ್ಕದ ಮನೆಗೆ ಸಾರು ಕಳಿಸುವುದಕ್ಕಿಂತ ದಾವಣಗೆರೆಗೆ ಕಳಿಸುವುದು ಸುಲಭ ಅಂದ ಹಾಗೆ. ಇದನ್ನು ಒಂದು ಮಗುವಾದರೂ ಹೇಳಿದ್ದರೆ ನಾನೇ ಎದ್ದು ಹೋಗಿ ಬೆನ್ನು ತಟ್ಟುತ್ತಿದ್ದೆ. ಯಾರೂ ಹೇಳಲಿಲ್ಲ. ನಾವು ಹೇಳಿಕೊಟ್ಟಿಲ್ಲವಲ್ಲ. ಇದು ಪರೀಕ್ಷೆಗೆ ಬರಲ್ಲ.

ಸರಿ, ಈಗ ನನ್ನ ತಪ್ಪೊಪ್ಪಿಗೆ.

2023ರ ಜುಲೈ ನೆನಪಿದೆಯಾ? 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಎಷ್ಟೋ ತೋಟ ಎಲೆ ಮುದುರು ರೋಗಕ್ಕೆ ಹೋಗಿತ್ತು. ಉಳಿಸಿಕೊಂಡವರು ರಾತ್ರಿ ಟಾರ್ಚ್ ಹಿಡಿದು ಕಾವಲು ಕೂರುತ್ತಿದ್ದರು. ನಮ್ಮದೂ ಅರ್ಧ ಎಕರೆ ಉಳಿದಿತ್ತು. ಮಗಳ ಕಾಲೇಜು ಫೀಜು, ಸೊಸೈಟಿ ಸಾಲ, ಎಲ್ಲ ಆ ಅರ್ಧ ಎಕರೆ ಮೇಲೆ ನಿಂತಿತ್ತು. ಆಗಸ್ಟ್ 10ಕ್ಕೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ, ನೇಪಾಳದಿಂದ ಟೊಮೆಟೊ ತರಿಸುತ್ತಿದ್ದೇವೆ, ಮೊದಲ ಲೋಡು ವಾರಾಣಸಿ, ಲಖನೌ, ಕಾನ್ಪುರಕ್ಕೆ ಬರುತ್ತದೆ ಅಂದರು. ಅವತ್ತು ರಾತ್ರಿ ಇದೇ ಗೋಡೆಯ ಮೇಲೆ ನಾನು ಏನು ಬರೆದೆ ಅಂತ ಕೆಳಗೆ ಇಳಿಸಿ ನೋಡಿ. ಅಳಿಸಿಲ್ಲ. 'ನೇಪಾಳದವರ ಜೇಬು ತುಂಬಿಸಲು ಕೋಲಾರದವರ ಹೊಟ್ಟೆ ಮೇಲೆ ಹೊಡೆಯುತ್ತೀರಾ' ಅಂತ ಶುರುವಾಗುತ್ತದೆ. ನನ್ನ ಜನ್ಮದಲ್ಲಿ ಬಂದ ಅತಿ ಜಾಸ್ತಿ ಲೈಕ್ ಅದಕ್ಕೇ. ಆ ಹುಡುಗನ ಭಾಷಣಕ್ಕೂ ನನ್ನ ಪೋಸ್ಟಿಗೂ ಏನೂ ವ್ಯತ್ಯಾಸ ಇಲ್ಲ. ಅವನಿಗೆ ಹದಿನೈದು ವರ್ಷ, ನನಗೆ ನಲವತ್ತಾರು, ಅಷ್ಟೇ.

ಆಮೇಲೆ ಎಲ್ಲೋ ಓದಿದೆ. ಕಠ್ಮಂಡು ಕಡೆಯ ರೈತರು ಅದಕ್ಕೆ ಕೆಲವೇ ವಾರ ಮುಂಚೆ ಮಾರುಕಟ್ಟೆ ಸಿಗದೆ ಟೊಮೆಟೊವನ್ನು ರಸ್ತೆಗೆ ಸುರಿದಿದ್ದರು. ರಸ್ತೆಗೆ! ಓದಿ ಮೈ ಜುಂ ಅಂತು. ಅದು ನಮ್ಮದೇ ಚಿತ್ರ ಅಲ್ವಾ? ರೇಟು ಬಿದ್ದಾಗ ಕೊಯ್ಲಿನ ಕೂಲಿಯೂ ಗಿಟ್ಟದೆ ಶ್ರೀನಿವಾಸಪುರ ರಸ್ತೆ ಪಕ್ಕ ನಾವು ಸುರಿಯುವುದು ಅದನ್ನೇ. ಅವರು ಸುರಿಯುವ ಹೊತ್ತಿಗೆ ಇಲ್ಲಿ ಹಣ್ಣಿಲ್ಲ, ನಾವು ಸುರಿಯುವ ಹೊತ್ತಿಗೆ ಇನ್ನೆಲ್ಲೋ ಹಣ್ಣಿಲ್ಲ. ಮಧ್ಯೆ ಗಡಿ, ಕಾಗದ, ಸೀಲು, ಒಂದಿಷ್ಟು ಸಿಟ್ಟು. ನಮ್ಮ ಗಿಡ ಕುಡಿಯುವ ನೀರು 1,200 ಅಡಿ ಕೆಳಗಿನ ಬೋರ್‌ವೆಲ್‌ನಿಂದ ಬರುತ್ತದೆ. ಸುರಿದ ಹಣ್ಣಿನ ಜೊತೆ ಆ ನೀರೂ ಹೋಯಿತು, ಅದನ್ನು ಎತ್ತಿದ ಕರೆಂಟೂ ಹೋಯಿತು. ಸುಸ್ಥಿರ ಅಂತ ಫ್ಲೆಕ್ಸ್ ಕಟ್ಟುವವರು ಈ ಲೆಕ್ಕ ಮೊದಲು ಹಾಕಲಿ. ಒತ್ತಕ್ಷರ ಆಮೇಲೆ ಸರಿ ಮಾಡಿಕೊಳ್ಳಬಹುದು.

ಈರುಳ್ಳಿ ಕಥೆಯೂ ಹಾಗೇ. 2019ರ ಸೆಪ್ಟೆಂಬರ್ ಕೊನೆಗೆ ನಮ್ಮ ಸರ್ಕಾರ ಈರುಳ್ಳಿ ರಫ್ತು ಏಕಾಏಕಿ ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಹಿಂದಿಯಲ್ಲೇ ನಗುತ್ತಾ ಕುಟುಕಿದರು: ಯಾಕೆ ನಿಲ್ಲಿಸಿದಿರೋ ಗೊತ್ತಿಲ್ಲ, ನಮ್ಮ ಅಡುಗೆಯವರಿಗೆ ಇನ್ನು ಊಟಕ್ಕೆ ಈರುಳ್ಳಿ ಹಾಕಬೇಡ ಅಂದಿದ್ದೇನೆ ಅಂತ. ಎಲ್ಲರೂ ನಕ್ಕರು. ಚಿಕ್ಕಬಳ್ಳಾಪುರದ ಕಡೆ ಯಾರೂ ನಗಲಿಲ್ಲ. ನಮ್ಮ ರೋಸ್ ಈರುಳ್ಳಿ ಜಾಸ್ತಿ ಹೋಗುವುದೇ ಹೊರಗೆ, ಮಲೇಷ್ಯಾ, ಸಿಂಗಪುರಕ್ಕೆ. ಇಲ್ಲಿ ಅದನ್ನು ಮನೆಗೆ ಕೊಳ್ಳುವವರು ಕಡಿಮೆ. ಆ ಆದೇಶದಲ್ಲಿ ಅದೂ ಸಿಕ್ಕಿಕೊಂಡಿತು. ಗೋಗರೆದ ಮೇಲೆ ಒಂದಿಷ್ಟು ಟನ್ನಿಗೆ ವಿನಾಯಿತಿ ಸಿಕ್ಕಿತು. 'ಈರುಳ್ಳಿ ನಿಲ್ಲಿಸಿ' ಅಂದರೆ ಮೊದಲು ನಿಲ್ಲುವುದು ಯಾರದ್ದು ಅಂತ ಗೌರಿಬಿದನೂರಿನಲ್ಲಿ ಕೇಳಿ.

ಈಗ ಆ ಹುಡುಗನ ವಿಷಯ. ಬಹುಮಾನ ಕೊಟ್ಟ ಮೇಲೆ ನನ್ನ ಹತ್ತಿರ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಒಳ್ಳೆ ಹುಡುಗ. ಯಾವ ಊರಪ್ಪಾ ಅಂದೆ. ಶ್ರೀನಿವಾಸಪುರ ತಾಲ್ಲೂಕು ಅಂದ. ಮನೆಯಲ್ಲಿ ಮಾವಿನ ತೋಟ, ತೋತಾಪುರಿ.

'2025ರಲ್ಲಿ ಕಾಯಿ ಎಲ್ಲಿಗೆ ಹಾಕಿದ್ರಿ?' ಅಂದೆ.

ಮುಖ ಕೆಂಪಾಯಿತು. 'ಎಲ್ಲಿಗೆ ಹಾಕೋದು ಮಿಸ್? ಗಡೀಲೇ ಬಿಡಲಿಲ್ಲ. ಎಷ್ಟೊಂದು ಕಾಯಿ ಕೊಳೀತು. ಅನ್ಯಾಯ ಅಲ್ವಾ ಮಿಸ್? ನಾವೇನ್ ಮಾಡಿದ್ವಿ ಅವರಿಗೆ?'

ಮರೆತವರಿಗೆ ಹೇಳುತ್ತೇನೆ. ಆ ವರ್ಷದ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಹೊರ ರಾಜ್ಯದ ತೋತಾಪುರಿಗೆ ತಡೆ ಬಂತು. ಅವರ ಸರ್ಕಾರ ಅವರ ರೈತರಿಗೆ ಬೆಂಬಲ ಬೆಲೆ ಕೊಡುತ್ತಿತ್ತು, ನಮ್ಮ ಕಾಯಿ ಒಳಗೆ ಬಂದರೆ ಅವರ ಲೆಕ್ಕ ಕೆಡುತ್ತಿತ್ತು. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಆದರೆ ತಿರುಳು ತೆಗೆಯುವ ಫ್ಯಾಕ್ಟರಿಗಳು ಜಾಸ್ತಿ ಇರುವುದು ಆ ಕಡೆ, ಕಾಯಿ ಇರುವುದು ಈ ಕಡೆ. ಮುಖ್ಯಮಂತ್ರಿ ಸಿದ್ದರಾಮಯ್ಯ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಶ್ರೀನಿವಾಸಪುರ ಬಂದ್ ಆಯಿತು. ಒಂದೇ ದೇಶ, ಒಂದೇ ಹೈವೇ, ಮನೆಯಲ್ಲಿ ಆಡುವುದೂ ಅದೇ ತೆಲುಗು. ನನ್ನ ಅತ್ತೆಯ ತವರೇ ಪಲಮನೇರು. ನಂಗಲಿ ದಾಟಿದರೆ ಅರ್ಧ ನೆಂಟರು ಆಚೆ ಕಡೆ. ಆದರೂ ಒಂದು ಆದೇಶಕ್ಕೆ ಕಾಯಿ ಕೊಳೆಯಿತು.

ಹತ್ತು ನಿಮಿಷದ ಹಿಂದೆ 'ಎಲ್ಲ ನಿಲ್ಲಿಸಿ' ಅಂದ ಬಾಯಲ್ಲೇ 'ಅನ್ಯಾಯ ಮಿಸ್'. ಅವನಿಗೆ ಎರಡೂ ಒಂದೇ ವಿಷಯ ಅಂತ ಹೊಳೆಯಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಕೈಯಲ್ಲಿ ಕಪ್ಪು ಹಿಡಿದುಕೊಂಡು ನಿಂತಿದ್ದ ಮಗು, ಹಿಂದೆ ಅವರಪ್ಪ ಫೋಟೋ ತೆಗೆಯುತ್ತಿದ್ದರು. ಹೇಗೆ ಹೇಳುವುದು?

ಈಗಾಗಲೇ ಕೆಲವರು ಕಮೆಂಟು ಟೈಪ್ ಮಾಡಲು ಬೆರಳು ಮಡಚುತ್ತಿದ್ದೀರಿ ಅಂತ ಗೊತ್ತು. 'ಮೇಡಂ, ಅವರು ಗುಂಡು ಹೊಡೆಯುತ್ತಾರೆ, ನಾವು ಟೊಮೆಟೊ ಕಳಿಸಬೇಕಾ?' ಪ್ರಶ್ನೆ ಸಣ್ಣದಲ್ಲ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಸುದ್ದಿ ಬಂದ ದಿನ ನಾನೂ ಟಿವಿ ಮುಂದೆ ಕೂತು ಅತ್ತಿದ್ದೇನೆ. ಅದಾದ ಮೇಲೆ 1960ರ ಸಿಂಧೂ ನೀರಿನ ಒಪ್ಪಂದವನ್ನು ಭಾರತ ತಡೆಹಿಡಿಯಿತು. 1965, 1971, ಕಾರ್ಗಿಲ್, ಮೂರೂ ಯುದ್ಧ ದಾಟಿ ಬಂದಿದ್ದ ಒಪ್ಪಂದ ಅದು. ಸರಿಯೋ ತಪ್ಪೋ ಅಂತ ನಾನಿಲ್ಲಿ ಪಂಚಾಯಿತಿ ಮಾಡಲ್ಲ. ಆ ಮಟ್ಟದವಳಲ್ಲ.

ಆದರೆ ನನಗೆ ಅರ್ಥವಾಗದ್ದು ಒಂದೇ. ನೆರೆಹೊರೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಪಾಕಿಸ್ತಾನ ಒಂದೇ ಯಾಕೆ ಬರುತ್ತದೆ? ಎಂಟು ಮನೆಯ ಬೀದಿ ಇದು. ನೇಪಾಳ ಇಲ್ಲವೇ? ಭೂತಾನ್? ಶ್ರೀಲಂಕಾ? ಮಾಲ್ಡೀವ್ಸ್? ಬಾಂಗ್ಲಾದೇಶ? 2014ರಲ್ಲಿ ಕಠ್ಮಂಡುವಿನಲ್ಲಿ ಸಾರ್ಕ್ ಶೃಂಗಸಭೆ ಆಯಿತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದದ್ದು ಉರಿ ದಾಳಿಯ ನಂತರ ನಿಂತಿತು. ಅಷ್ಟೇ, ಬೀದಿಯ ಸಭೆಯೇ ಬಂದ್. ಜಗಳದ ವಿಷಯ ಸಭೆಯಲ್ಲಿ ಎತ್ತಬಾರದು ಅಂತ ಅವರ ಬೈಲಾದಲ್ಲೇ ಬರೆದಿದೆ, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಅಂತಲೂ ಬರೆದಿದೆ. ಜಗಳ ಆಡುವ ಹಾಗಿಲ್ಲ, ಜಗಳ ಮುಗಿಯುವವರೆಗೆ ಏನೂ ಮಾಡುವ ಹಾಗೂ ಇಲ್ಲ. ಚೆನ್ನಾಗಿದೆ! ನಮ್ಮೂರಲ್ಲಿ ಎರಡು ಮನೆಯವರು ಹನ್ನೆರಡು ವರ್ಷದಿಂದ ಮಾತಾಡಲ್ಲ, ಬದುವಿನ ಜಗಳ. ಹಾಗಂತ ತೇರು ನಿಲ್ಲಿಸಿದ್ದೇವಾ? ಒಬ್ಬರು ಬಲಗಡೆ ಹಗ್ಗ ಹಿಡಿಯುತ್ತಾರೆ, ಇನ್ನೊಬ್ಬರು ಎಡಗಡೆ. ಮುಖ ನೋಡಲ್ಲ. ತೇರು ಮಾತ್ರ ಹೋಗುತ್ತದೆ.

ಕೆಲಸ ಆಗುವುದು ಹಾಗೆಯೇ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿತ್ತು, ನಮಗೂ ಅವರಿಗೂ ಮುನಿಸು. ಆದರೂ ಅಕ್ಟೋಬರ್‌ನಲ್ಲಿ ನೇಪಾಳ, ಭಾರತ, ಬಾಂಗ್ಲಾದೇಶ ಕೂತು ಕರೆಂಟಿನ ಒಪ್ಪಂದಕ್ಕೆ ಸಹಿ ಹಾಕಿದವು. ನವೆಂಬರ್ 15ಕ್ಕೆ ನೇಪಾಳದ 40 ಮೆಗಾವಾಟ್ ನಮ್ಮ ಲೈನಿನ ಮೇಲೆ ಹಾದು ಬಾಂಗ್ಲಾದೇಶ ಸೇರಿತು. ಮೊದಲ ಸಲ ಒಂದೇ ದಿನ. 2025ರ ಜೂನ್‌ನಲ್ಲಿ ಮತ್ತೆ ಶುರು. ಮಳೆಗಾಲದಲ್ಲಿ ನೇಪಾಳದ ಹೊಳೆಗಳು ತುಂಬಿ ಕರೆಂಟು ಜಾಸ್ತಿಯಾಗುತ್ತದೆ, ಚಳಿಗಾಲದಲ್ಲಿ ನೀರಿಳಿದು ಅವರೇ ನಮ್ಮಿಂದ ಕೊಳ್ಳುತ್ತಾರೆ. ಕೊಡುವ ಕಾಲ ಬೇರೆ, ತೆಗೆದುಕೊಳ್ಳುವ ಕಾಲ ಬೇರೆ. 40 ಮೆಗಾವಾಟ್ ಏನು ಮಹಾ ಅನ್ನಬೇಡಿ. ಕೋಲಾರದವರಿಗೆ ಇದು ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ವೈರು ಎಳೆದು ಕೆಜಿಎಫ್ ಗಣಿಗೆ ಕರೆಂಟು ತಂದರು. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೇ ದೊಡ್ಡ ಲೈನು ಬಂತು. ನಮ್ಮ ಮನೆ ಫ್ಯಾನು ತಿರುಗಲು ಯಾರದೋ ಊರಿನ ಕಲ್ಲಿದ್ದಲು ಉರಿಯುತ್ತಿದೆ. ಅವರು ಒಂದು ದಿನವೂ 'ನಿಲ್ಲಿಸಿ' ಅಂದಿಲ್ಲ.

ನೀರಿನದ್ದೂ ಹೇಳಿಬಿಡುತ್ತೇನೆ, ಬರೆಯಲು ಕೂತಾಗಿದೆ. ಪಾಲಾರ್ ಹುಟ್ಟುವುದು ನಮ್ಮ ಕಡೆ. ಇಲ್ಲಿ 93 ಕಿಲೋಮೀಟರ್, ಆಂಧ್ರದಲ್ಲಿ 33, ಉಳಿದ 222 ತಮಿಳುನಾಡು. ನದಿಯ ಹೆಸರು ಹೇಳಿದರೆ ನಮ್ಮವರು ಬೇತಮಂಗಲದ ಕೆರೆ ತೋರಿಸುತ್ತಾರೆ, ವೆಲ್ಲೂರಿನವರು ಒಣ ಮರಳು ತೋರಿಸುತ್ತಾರೆ. 'ನಮ್ಮ ನೀರು ನಮಗೇ ಸಾಲದು' ಅಂತ ನಾವು ಹೇಳುವುದೂ ಸುಳ್ಳಲ್ಲ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ತಂದು ಕೆರೆ ತುಂಬಿಸಿಕೊಂಡವರು ನಾವು. ಆದರೆ ನಾವೂ ಯಾರಿಗೋ ಮೇಲಿನ ಮನೆಯವರು ಅನ್ನುವುದು ನಮಗೆ ಯಾವತ್ತೂ ನೆನಪಾಗಲ್ಲ.

ನಮ್ಮ ತಾತನ ಕಾಲದಲ್ಲಿ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಯಾವಾಗ ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಎಲ್ಲ ಅವನ ತಲೆಯಲ್ಲಿ. ಸುಗ್ಗಿಯಲ್ಲಿ ಅವನಿಗೆ ಇಷ್ಟು ಸೇರು ಅಂತ ಧಾನ್ಯ. ಗೌಡರ ಗದ್ದೆ ಅಂತ ಒಂದು ಗಳಿಗೆ ಜಾಸ್ತಿ ಬಿಡುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. (ಬಿಡುತ್ತಿದ್ದನೇನೋ, ನಮ್ಮದೂ ಗೌಡರ ಮನೆಯೇ, ಅಜ್ಜಿ ಹೇಳಿದ್ದು ಪೂರ್ತಿ ನಂಬಬೇಡಿ.) ಊರಿನವರು ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದರಾ? ಎಲ್ಲಿ ಬಂತು! ಸರದಿ ಇತ್ತು, ಅದಕ್ಕೆ ನೀರು ಹರಿಯುತ್ತಿತ್ತು.

ಗಂಗೆಗೂ ಅಂಥ ಸರದಿಯ ಲೆಕ್ಕ ಇದೆ. ಜನವರಿಯಿಂದ ಮೇವರೆಗೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಹತ್ತು ಹತ್ತು ದಿನಕ್ಕೆ ಅಳತೆ. ಹರಿವು 70,000 ಕ್ಯುಸೆಕ್ ಅಥವಾ ಕಡಿಮೆ ಇದ್ದರೆ ಭಾರತಕ್ಕೂ ಬಾಂಗ್ಲಾದೇಶಕ್ಕೂ ಅರ್ಧ ಅರ್ಧ. 1996ರ ಡಿಸೆಂಬರ್ 12ಕ್ಕೆ ಒಪ್ಪಂದ ಆಯಿತು, 30 ವರ್ಷಕ್ಕೆ. ಸಹಿ ಹಾಕಿದ ಪ್ರಧಾನಿ ಯಾರು ಗೊತ್ತಾ? ಹೊಳೆನರಸೀಪುರದ ದೇವೇಗೌಡರು! ಕೆರೆ, ತೂಬು, ಸರದಿ ಅಂದರೆ ಏನು ಅಂತ ಗೊತ್ತಿದ್ದ ಮನುಷ್ಯ. ಒಂದು ಮಗುವೂ ಅವರ ಹೆಸರು ಹೇಳಲಿಲ್ಲ. ಸಾರ್ಕ್‌ನ ಎರಡನೇ ಶೃಂಗಸಭೆ 1986ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಕಠ್ಮಂಡುವಿನಲ್ಲಿ ಕಚೇರಿ ಮಾಡೋಣ ಅಂತ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲೇ. ಅದನ್ನೂ ಯಾರೂ ಹೇಳಲಿಲ್ಲ. ಉತ್ತರ 'ಕಠ್ಮಂಡು' ಅಂತ ಬರೆದರೆ ಸಾಕಲ್ಲ.

ಇನ್ನೊಂದು ಹೇಳದೆ ಬಿಟ್ಟಿದ್ದೆ. ಇಷ್ಟು ಬೈದವಳು ಆ ಹುಡುಗನಿಗೆ ಎಷ್ಟು ಅಂಕ ಕೊಟ್ಟೆ ಅಂತ ನೀವು ಕೇಳಲೇ ಇಲ್ಲ. ಹತ್ತಕ್ಕೆ ಎಂಟು. ದನಿ ಏರಿಳಿತ ಚೆನ್ನಾಗಿತ್ತು, ಸಮಯದೊಳಗೆ ಮುಗಿಸಿದ, ಚೀಟಿ ನೋಡಲಿಲ್ಲ. ಅಂಕಪಟ್ಟಿಯಲ್ಲಿ ಇದ್ದ ಕಾಲಂಗಳು ಅಷ್ಟೇ. 'ಹೇಳಿದ್ದು ನಿಜವಾ' ಅಂತ ಒಂದು ಕಾಲಂ ಇರಲಿಲ್ಲ. ಇದ್ದಿದ್ದರೂ ಆ ಚಪ್ಪಾಳೆಯ ನಡುವೆ ಕಡಿಮೆ ಹಾಕುವ ಧೈರ್ಯ ನನಗೆ ಬರುತ್ತಿತ್ತಾ? ಗೊತ್ತಿಲ್ಲ. ಮುದ್ದೆ ಇಳಿಯದೆ ಇದ್ದದ್ದು ಅದಕ್ಕೇ ಇರಬೇಕು.

ಇಷ್ಟು ಬರೆದು ಮೈದುನನಿಗೆ ಓದಿ ಹೇಳಿದೆ. ಗಡಿಯ ವಿಷಯ ತಪ್ಪಿದ್ದರೆ ತಿದ್ದಲಿ ಅಂತ. ಪೂರ್ತಿ ಕೇಳಿಸಿಕೊಂಡು, 'ಅತ್ತಿಗೆ, ಇದನ್ನ ಹಾಕಿದ್ರೆ ರೇಟು ಏರುತ್ತಾ?' ಅಂದ.

ಇವತ್ತು ಬೆಳಿಗ್ಗೆ ಬಾಕ್ಸು ಎಷ್ಟಕ್ಕೆ ಹೋಯಿತು ಅಂತ ಕೇಳಿದೆ. ಅದಕ್ಕೆ ಉತ್ತರ ಕೊಡದೆ ಮೇಲೆದ್ದು ಬೋರ್ ಆಫ್ ಮಾಡಲು ಹೋದ.